ಅಷ್ಟೂರಿನಲ್ಲಿ ಮಲಗಿರುವುದು ಯಾರು?

ಪ್ರಶ್ನೆ: ಸರ್, ನಮ್ಮಜ್ಜಿ ಪ್ರತಿ ವರ್ಷ ಬೀದರಿನ ಅಷ್ಟೂರು ಜಾತ್ರೆಗೆ ಹೋಗುತ್ತಿದ್ದರು. ಅದು ಅಲ್ಲಮಪ್ರಭುವಿನ ಗದ್ದುಗೆ ಅಂತ ಅವರ ನಂಬಿಕೆ. ಕಾಲೇಜಿನಲ್ಲಿ ಅದು ಸುಲ್ತಾನನ ಗೋರಿ ಅಂದರು. ಯಾವುದು ನಿಜ?
– ಓದುಗರು, ಹುಮನಾಬಾದ್

ಉತ್ತರ: ಗೋರಿ ಬಹಮನಿ ಸುಲ್ತಾನ ಅಹ್ಮದ್ ಶಾಹನದೇ. ತೀರಿಕೊಂಡದ್ದು 1436ರಲ್ಲಿ. ಅಲ್ಲಮರು 12ನೇ ಶತಮಾನದವರು, ಬಸವಣ್ಣನವರ ಕಾಲದವರು. ನಡುವೆ ಹತ್ತಿರ ಹತ್ತಿರ ಮುನ್ನೂರು ವರ್ಷ. ಆದರೆ ಈ ಲೆಕ್ಕ ಹೇಳಿ ಅಜ್ಜಿಯ ಜೊತೆ ಜಗಳಕ್ಕೆ ಹೋಗಬೇಡಿ!

ಬರಗಾಲದಲ್ಲಿ ಈ ಸುಲ್ತಾನ ಪ್ರಾರ್ಥನೆ ಮಾಡಿದ, ಮಳೆ ಸುರಿಯಿತು, ಜನ 'ವಲಿ' ಅಂದರೆ ಸಂತ ಅಂತ ಕರೆದರು ಅನ್ನೋ ಕತೆಯಿದೆ. ಮೊದಲು ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಭಕ್ತ. ಆಮೇಲೆ ಇರಾನಿನ ಕಿರ್ಮಾನಿನ ಸೂಫಿ ನಿಯಾಮತುಲ್ಲಾ ಅವರತ್ತ ವಾಲಿದ. ಅವರ ಗುರುಪರಂಪರೆಯನ್ನು ಗುಮ್ಮಟದ ಒಳಗೆ ಬರೆಸಲಾಗಿದೆ. ಇತ್ತ ಲಿಂಗಾಯತರು ಅವನನ್ನು ಅಲ್ಲಮರ ಅವತಾರ ಅಂತ ಒಪ್ಪಿಕೊಂಡರು. ದೊರೆಯೊಬ್ಬನಿಗೆ ಎರಡೂ ಕಡೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅಪರೂಪ ಅಲ್ವಾ?

ಈ ಜಾತ್ರೆಗೆ, ಅಂದರೆ ಸುಲ್ತಾನನ ಉರುಸಿಗೆ, ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಜನರೊಂದಿಗೆ ನಡೆದೇ ಬರುತ್ತಾರೆ. ಗೋರಿಯ ಮುಂದೆ ಶಂಖ ಊದಿ, ಕಾಯಿ ಒಡೆದು, ಹೂ ಏರಿಸುತ್ತಾರೆ. ಪಕ್ಕದಲ್ಲೇ ಮುಸ್ಲಿಮರ ಪ್ರಾರ್ಥನೆ ಫಾತಿಹಾ ನಡೆಯುತ್ತಿರುತ್ತದೆ.

ಜಾತ್ರೆ ಹೋಳಿಯಾಗಿ ಇಪ್ಪತ್ತು ದಿನಕ್ಕೆ. ಆದರೆ ಸುಮ್ನೆ ನೋಡಬೇಕೆಂದರೆ ಬಿಸಿಲಿರುವ ಬೇರೆ ದಿನ ಹೋಗಿ. ಒಳಗೆ ಕತ್ತಲೆ ಜಾಸ್ತಿ. ಅಲ್ಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸುತ್ತಾರೆ. ಆಗಲೇ ಚಾವಣಿಯ ಕೆಂಪು, ಚಿನ್ನದ ಬಣ್ಣ ಕಾಣೋದು.