ಸಂಪಾದಕರ ಉತ್ತರ: ಹೆಂಚಿನ ಅಡಿಯಲ್ಲಿ ಏನು ಬರೆದಿದೆ?

"ಮಗಳು ಉಡುಪಿಯಲ್ಲಿ ಬಿಎ ಓದುತ್ತಿದ್ದಾಳೆ. ಈ ಸೆಮಿಸ್ಟರ್‌ನಲ್ಲಿ ಐದು ಅತಿಥಿ ಉಪನ್ಯಾಸ ಆಯಿತಂತೆ. ಎಲ್ಲಿಂದಲೋ ವಿದ್ವಾಂಸರು ಬರುತ್ತಾರೆ, ಪರೀಕ್ಷೆಗೆ ಬಾರದ್ದನ್ನು ಮಾತಾಡಿ ಹೋಗುತ್ತಾರೆ. ಇತ್ತ ಪಾಠ ಮುಗಿದಿಲ್ಲ. ಇದೆಲ್ಲ ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಕಡತಕ್ಕೆ ಫೋಟೊ ಹೊಂದಿಸುವ ಕೆಲಸ ಅಲ್ವಾ?"
– ಕುಂದಾಪುರದ ಓದುಗರೊಬ್ಬರು

ನಿಮ್ಮ ಸಿಟ್ಟು ಅರ್ಧ ಸರಿ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ.

ಕಳೆದ ವರ್ಷ ಮಂಗಳೂರಿನ ಒಂದು ಕಾಲೇಜಿಗೆ ನಾನೇ ಅತಿಥಿಯಾಗಿ ಹೋಗಿದ್ದೆ. ಹತ್ತೂವರೆಗೆ ಕಾರ್ಯಕ್ರಮ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಗಾಳಿಗೆ ದೀಪ ಹೊತ್ತಲಿಲ್ಲ, ಫ್ಯಾನ್ ಆರಿಸಿದರು. ದೀಪ ಹೊತ್ತಿತು, ಫ್ಯಾನ್ ಮತ್ತೆ ಹಾಕಲು ಮರೆತರು. ಮೇ ಸೆಕೆ ಬೇರೆ. ಆಮೇಲೆ ನನ್ನ ಪರಿಚಯ, ನನಗೇ ಗೊತ್ತಿಲ್ಲದ ಸಂಗತಿಗಳ ಸಮೇತ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಮೈಕ್ ಕೈಗೆ ಸಿಕ್ಕಾಗ ಹನ್ನೊಂದೂಕಾಲು, ಹನ್ನೆರಡಕ್ಕೆ ವಂದನಾರ್ಪಣೆ. ಪ್ರಶ್ನೆಗೆ ಹೊತ್ತೇ ಇರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಹಾಜರಿ ಪುಸ್ತಕ ಮಾತ್ರ ಚುರುಕಾಗಿ ಓಡಾಡುತ್ತಿತ್ತು. ಇಂಥದ್ದು ಐವತ್ತಾದರೂ ನಿಮ್ಮ ಮಗಳಿಗೆ ಏನೂ ದಕ್ಕುವುದಿಲ್ಲ.

(ನಮ್ಮ ರಾಜ್ಯದಲ್ಲಿ 'ಅತಿಥಿ ಉಪನ್ಯಾಸಕ' ಅಂದರೆ ಬೇರೆಯೇ ಅರ್ಥ. ವರ್ಷಗಟ್ಟಲೆ ಪಾಠ ಮಾಡಿಯೂ ಕಾಯಂ ಆಗದವರು. ಅವರಿಗೆ ಶಾಲೂ ಇಲ್ಲ, ಬುಟ್ಟಿಯೂ ಇಲ್ಲ.)

ಇನ್ನು 'ಪರೀಕ್ಷೆಗೆ ಬಾರದ್ದು' ಅಂದಿರಲ್ಲ, ಅಲ್ಲಿ ನನ್ನ ತಕರಾರಿದೆ. ನಾನು ಬಿಎ ಓದುವಾಗ ಹೊರಗಿನಿಂದ ಒಬ್ಬರು ಇತಿಹಾಸದ ಮೇಷ್ಟ್ರು ಬಂದಿದ್ದರು. ಅವರ ಭಾಷಣ ಒಂದು ಚೂರೂ ನೆನಪಿಲ್ಲ. ಚಹಾ ಕುಡಿಯುವಾಗ ಸುಮ್ನೆ ಕೇಳಿದರು: "ನಿಮ್ಮ ಮನೆ ಹೆಂಚಿನ ಅಡಿಯಲ್ಲಿ ಏನು ಬರೆದಿದೆ?" ಗೊತ್ತಿರಲಿಲ್ಲ. ಮನೆಗೆ ಹೋದವನೇ ಬಚ್ಚಲಿನ ಹಿಂದೆ ಪೇರಿಸಿಟ್ಟಿದ್ದ ಹಳೇ ಹೆಂಚು ತಿರುಗಿಸಿದೆ. ಪಾಚಿ ಕೆರೆದಾಗ 'ಬಾಸೆಲ್ ಮಿಷನ್' ಅಂತ ಅಚ್ಚು, ಜೊತೆಗೆ 1865. ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಹೊಳೆಯ ಜೇಡಿಮಣ್ಣು ಭೂಗೋಳ, ಮಿಷನ್ ಇತಿಹಾಸ, ಕೆಲಸದವರ ಕೂಲಿ ಅರ್ಥಶಾಸ್ತ್ರ. ನಮ್ಮ ಸಿಲಬಸ್ಸಿನಲ್ಲಿ ಇವು ಮೂರು ಪೇಪರ್. ಒಂದೇ ಹೆಂಚಿನಲ್ಲಿ ಮೂರೂ ಇವೆ ಅಂತ ಅವತ್ತಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಉಡುಪಿಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಎಂಜಿಎಂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಜಾನಪದದ ಕೆಲಸಕ್ಕೆ ಹೊರದೇಶದ ವಿದ್ವಾಂಸರನ್ನು ಊರಿಗೆ ಕರೆಸುತ್ತಿದ್ದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಹಾಗೆ ನಂಟು ಬೆಳೆಸಿಕೊಂಡವರು. ಅವರು ಒಂದು ಭಾಷಣ ಮುಗಿಸಿ ವಿಮಾನ ಹತ್ತಲಿಲ್ಲ. ಇಲ್ಲಿನ ಜಾನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಬೆಳ್ತಂಗಡಿ ಕಡೆಯ ಮಾಚಾರಿನ ಪಾಡ್ದನ ಹಾಡುಗಾರ ಗೋಪಾಲ ನಾಯ್ಕರ ಎದುರು ಕೂತರು. 1990ರಲ್ಲಿ ನಾಯ್ಕರು ತುಳುನಾಡಿನ ದೈವ ಸಿರಿಯ ಕಥೆಯನ್ನು ದಿನಗಟ್ಟಲೆ ಹೇಳಿದರು. ಬರೆದಿಳಿಸಿದಾಗ 15,683 ಸಾಲು, ಹೋಮರನ ಇಲಿಯಡ್‌ನಷ್ಟೇ ಉದ್ದ! ಅಚ್ಚಾಗಿದ್ದು 1998ರಲ್ಲಿ. ಅಲ್ಲಿ ಅತಿಥಿ ಮಾಡಿದ್ದು ಜಾಸ್ತಿ ಕೇಳಿಸಿಕೊಳ್ಳುವ ಕೆಲಸ. ಮಾತು ಊರವರದ್ದೇ.

ಹಾಗಾಗಿ ಕಾಲೇಜಿನವರ ಹತ್ತಿರ ಉಪನ್ಯಾಸ ನಿಲ್ಲಿಸಿ ಅನ್ನಬೇಡಿ. ಐದನ್ನು ಎರಡು ಮಾಡಿ ಅನ್ನಿ. ಬರುವವರ ಒಂದು ಲೇಖನವನ್ನು ವಾರದ ಮೊದಲೇ ಮಕ್ಕಳ ಕೈಗೆ ಕೊಡಲಿ, ಮರುದಿನ ಹತ್ತಿಪ್ಪತ್ತು ಮಕ್ಕಳ ಜೊತೆ ಅವರನ್ನು ಒಂದು ಗಂಟೆ ಕೂರಿಸಲಿ. ಹಾರದ ದುಡ್ಡು ಲಾಡ್ಜಿಗಾಗುತ್ತದೆ.

ಮಗಳಿಗೂ ಒಂದು ಮಾತು. ವಂದನಾರ್ಪಣೆ ಮುಗಿದ ಕೂಡಲೇ ಅತಿಥಿಯನ್ನು ಪ್ರಾಂಶುಪಾಲರ ಕೋಣೆಗೆ ಊಟಕ್ಕೆ ಕರೆದೊಯ್ಯುತ್ತಾರೆ. ಬಾಗಿಲಿನಿಂದ ಆ ಕೋಣೆಗೆ ಹೋಗುವ ಜಗಲಿಯಲ್ಲಿ ಎರಡು ನಿಮಿಷ ಸಿಗುತ್ತದೆ. ಅಲ್ಲಿ ಹಿಡಿಯಬೇಕು.