ಸರ್ವಾಧಿಕಾರ ಬಂದರೆ ಜನ ಹೆದರಿ ಸುಮ್ಮನಿರ್ತಾರಾ?

ಜನರ ಹೆದರಿಕೆ ಬಿಡಿಸುವುದು ಹೇಗೆ, ವಾಟ್ಸಾಪ್ ಗುಂಪು ಮಾಡಿ ನಿಜ ಸುದ್ದಿ ಹಂಚಿದರೆ ಸಾಕಾ ಅಂತ ಕೇಳಿದ್ದೀರಿ. ತುರ್ತು ಪರಿಸ್ಥಿತಿಯಲ್ಲಿ ನಮ್ಮ ಲೆಕ್ಕವೂ ಇದೇ ಆಗಿತ್ತು. ಆಗ ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದೆ. ಸಂಸದೀಯ ಸಮಿತಿ ಸಭೆಗೆ ಬಂದಿದ್ದ ವಾಜಪೇಯಿ, ಅಡ್ವಾಣಿಯವರನ್ನು 1975ರ ಜೂನ್ 26ರಂದು ಬೆಂಗಳೂರಿನಲ್ಲೇ ಹಿಡಿದರು. ಪತ್ರಿಕೆಗಳಿಗೆ ಸೆನ್ಸಾರ್. ನಾವು ರಾತ್ರಿ ಕರಪತ್ರಕ್ಕೆ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಮದುವೆ ಕಾಗದದ ಕವರಿನಲ್ಲಿಟ್ಟು ಅಂಚೆಗೆ ಹಾಕುತ್ತಿದ್ದೆವು.

ನಾನು ಕೆಟ್ಟದ್ದು ವಿಳಾಸದಿಂದ. ಬರೆದಿಡಬಾರದು, ಒಬ್ಬೊಬ್ಬರೂ ಒಂದಷ್ಟು ವಿಳಾಸ ಬಾಯಿಪಾಠ ಮಾಡಬೇಕು ಅಂತ ಮಾತಾಗಿತ್ತು. ನನಗೆ ನೆನಪು ನಿಲ್ಲುತ್ತಿರಲಿಲ್ಲ. ಹಾಲಿನ ಲೆಕ್ಕದ ಪುಸ್ತಕ ಮಾಡಿಕೊಂಡೆ. ಹೆಸರಿನ ಮುಂದೆ ಅರ್ಧ ಸೇರು, ಒಂದು ಸೇರು ಅಂತ ಬರೆದೆ. ಭಾರಿ ಜಾಣತನ ಅಂದುಕೊಂಡಿದ್ದೆ. ಪೊಲೀಸರು ಬಂದವರೇ "ಹಸು ಎಲ್ಲಯ್ಯಾ?" ಅಂದರು. ನಮ್ಮ ಮನೆಯಲ್ಲಿ ಹಸುವೇ ಇರಲಿಲ್ಲ! ಸಾಲದ್ದಕ್ಕೆ ಸಾಗರ, ತೀರ್ಥಹಳ್ಳಿಯ ಮನೆಗಳಿಗೂ ದಿನಾ ಹಾಲು ಹಾಕುವ ಲೆಕ್ಕ ಬರೆದಿದ್ದೆ. ಹುಡುಗ ಅಂತ ನನಗೆ ನಾಲ್ಕು ಬಾರಿಸಿ ಬಿಟ್ಟರು. ಪುಸ್ತಕದಲ್ಲಿದ್ದ ಒಬ್ಬ ಮೇಷ್ಟ್ರು ಮೀಸಾದಲ್ಲಿ, ಅಂದರೆ ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಕಾನೂನಿನಲ್ಲಿ, ಒಳಗೆ ಹೋದರು. ಯಾಕೆ ಅಂತ ಕೇಳುವ ಹಾಗೂ ಇಲ್ಲ. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಆ ಬಾಗಿಲು ಮುಚ್ಚಿತು. ನ್ಯಾಯಮೂರ್ತಿ ಖನ್ನಾ ಒಬ್ಬರೇ ಒಪ್ಪಲಿಲ್ಲ. ಮೇಷ್ಟ್ರು ಹೊರಗೆ ಬಂದದ್ದು 1977ರಲ್ಲಿ, ಚುನಾವಣೆ ಘೋಷಣೆಯಾದ ಮೇಲೆ. ಅವರ ಮನೆಯವರು ನನ್ನನ್ನು ಮತ್ತೆ ಮಾತಾಡಿಸಲಿಲ್ಲ. ವಾಟ್ಸಾಪ್ ಗುಂಪು ಅಂದರೆ ಅದೇ ಹಾಲಿನ ಪುಸ್ತಕ, ಫೋನ್ ನಂಬರ್ ಸಮೇತ. ಬೇಡ.

ಇನ್ನು ಹೆದರಿಕೆ. ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನಿಸುತ್ತೆ. 1977ರ ಲೋಕಸಭೆ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಸೀಟಿನಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ಕರ್ನಾಟಕದಲ್ಲಿ 28ಕ್ಕೆ 26 ಬಂತು! ಓಟು ಗುಟ್ಟಾಗಿ ಹಾಕೋದು. ಬರೀ ಹೆದರಿಕೆಯಾಗಿದ್ದರೆ ಇಲ್ಲೂ ಸೋಲಬೇಕಿತ್ತಲ್ವಾ? ಅಲ್ಲಿ ಬಲವಂತವಾಗಿ ನಸಬಂದಿ (ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿದ್ದರು. ಇಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ ಭೂ ಟ್ರಿಬ್ಯೂನಲ್‌ಗಳ ಮೂಲಕ ಗೇಣಿದಾರರಿಗೆ ಭೂಮಿ ಕೊಡುತ್ತಿತ್ತು. ನಮ್ಮ ಕರಪತ್ರ ಹಿಡಿದು ಹೋದಾಗ ಒಬ್ಬ ಗೇಣಿದಾರ ಅಂದ: "ಅದು ಇರ್ಲಿ ಅಯ್ಯಾ. ಟ್ರಿಬ್ಯೂನಲ್ಲಿಂದ ಒಂದು ಕಾಗ್ದ ಬಂದೈತೆ, ಮೊದ್ಲು ಅದ್ನ ಓದಿ ಹೇಳಿ." ನಾವು ಓದಿ ಹೇಳಿದೆವು. ಆದರೆ ಜೊತೆಗೆ ಟ್ರಿಬ್ಯೂನಲ್‌ಗೆ ಹೋಗಲಿಲ್ಲ, ನಮಗೆ ಅದು ದೊಡ್ಡ ಕೆಲಸ ಅನ್ನಿಸಲಿಲ್ಲ. ನೀವು ಮೊದಲು ಊರಿನವರಿಗೆ ರೇಷನ್ ಕಾರ್ಡಿಗೆ, ಪಿಂಚಣಿಗೆ ಅರ್ಜಿ ಬರೆದುಕೊಡಿ. ಕಚೇರಿಗೂ ಜೊತೆಗೆ ಹೋಗಿ. ಸುದ್ದಿ ಹಂಚೋದು ಆಮೇಲೆ.