ತಾ.ಕ.ಗೇ ಮೊದಲ ಮರ್ಯಾದೆ

ಕುಮಟಾದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: "ಹೋದ ಸಂಚಿಕೆಯ ತುಂಬ ಹಿತ್ತಾಳೆ ಪಾತ್ರೆ, ಒರಳುಕಲ್ಲು, ಬಚ್ಚಲ ಹಂಡೆ. ಹಳೆಯದನ್ನು ಹೊಗಳುವವರೆಲ್ಲ ಜಗಲಿಯಲ್ಲಿ ಕೂತು ಕವಳ ಹಾಕಿದ ಗಂಡಸರು. ರುಬ್ಬಿದ್ದು, ತಿಕ್ಕಿದ್ದು, ಹೊಗೆ ಕುಡಿದಿದ್ದು ನಾವು. ಮಿಕ್ಸರ್ ಮನೆಗೆ ಬಂದ ದಿನ ನಮ್ಮ ಅತ್ತೆ ಅದಕ್ಕೆ ಕುಂಕುಮ ಇಟ್ಟಿದ್ದರು. ನಿಮ್ಮ ಹಳಹಳಿಕೆ ಸಾಕು ಮಾಡಿ." ಕೆಳಗೊಂದು ತಾ.ಕ.: "ನಮ್ಮನೆ ಮೆಟ್ಟುಗತ್ತಿಯ (ಈಳಿಗೆಮಣೆಯ) ಅಲಗು ಅಲ್ಲಾಡುತ್ತಿದೆ. ಶಿರಸಿ ಕಡೆ ಸರಿ ಮಾಡಿಕೊಡುವವರು ಯಾರಾದರೂ ಗೊತ್ತಾ?"

ಅಕ್ಕೋರೇ,

ಮೊದಲು ಒಪ್ಪಿಗೆ. ಬೆಳಗಾಗುವ ಮೊದಲೇ ಎದ್ದು ಒರಳು ಸುತ್ತಿದವರು ಯಾರೂ ಮತ್ತೆ ಅದರ ಮುಂದೆ ಕೂರಬೇಕಾಗಿಲ್ಲ. ಕಟ್ಟಿಗೆ ಒಲೆಯ ಹೊಗೆಯನ್ನು ಹೊಗಳುವವರು ಒಂದು ವಾರ ಅದರ ಮುಂದೆ ಕೂತು ಬರಲಿ. ನಿಮ್ಮ ಅತ್ತೆಗೆ ನನ್ನದೊಂದು ನಮಸ್ಕಾರ. ಇದರಲ್ಲಿ ವಾದ ಇಲ್ಲ.

ಆದರೆ ನೀವು ಶಾಲೆಯಲ್ಲಿ ಕಲಿಸಿದವರು. ಉತ್ತರಪತ್ರಿಕೆಯ ಕೊನೇ ಪುಟದ ಮೂಲೆಯಲ್ಲಿ ಮಕ್ಕಳು ಗೀಚಿದ್ದನ್ನೂ ಬಿಡದೆ ಓದಿದವರು. ನಾನೂ ನಿಮ್ಮ ಪತ್ರವನ್ನು ಹಾಗೇ ಓದಿದೆ. ನಾಲ್ಕು ಪುಟ ಹಳೆಯದನ್ನು ಬೈದಿದ್ದೀರಿ, ಕೊನೆಗೆ ಎರಡು ಸಾಲಿನಲ್ಲಿ ಮೆಟ್ಟುಗತ್ತಿಗೆ ವೈದ್ಯರನ್ನು ಹುಡುಕಿದ್ದೀರಿ! ಮನೆಯಲ್ಲಿ ಚಾಕು ಇಲ್ಲವೇ? ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಹಲಗೆಯೊಂದನ್ನೂ ಮಗನೋ ಸೊಸೆಯೋ ತಂದುಕೊಟ್ಟಿರುತ್ತಾರೆ. ಆದರೂ ಹಲಸಿನಕಾಯಿ ಕೊಯ್ದು ತಂದ ದಿನ ನಿಮಗೆ ಬೇಕಾಗುವುದು ಮೆಟ್ಟುಗತ್ತಿಯೇ. ಯಾಕೆ ಅಂತ ನಿಮಗೇ ಗೊತ್ತು. ಮಣೆ ಮೇಲೆ ಕಾಲಿಟ್ಟು ಕೂತರೆ ಅಲಗು ಅಲ್ಲಾಡದೆ ನಿಲ್ಲುತ್ತದೆ, ಎರಡೂ ಕೈ ಕಾಯಿಗೆ ಸಿಗುತ್ತವೆ. ಅಂಗೈಗೆ ಕೊಬ್ಬರಿ ಎಣ್ಣೆ, ಅಲಗಿಗೂ ಒಂದಿಷ್ಟು. ಅಷ್ಟು ದೊಡ್ಡ ಕಾಯಿಯನ್ನು ಎರಡೂ ಕೈಯಲ್ಲಿ ಒತ್ತಿದರೆ ಸರಕ್ಕನೆ ಸೀಳುತ್ತದೆ. ಅದೇ ಕೆಲಸವನ್ನು ಚಾಕುವಿನಲ್ಲಿ ಮಾಡಿ ನೋಡಿ. ಒಂದು ಕೈ ಚಾಕುವಿಗೆ, ಇನ್ನೊಂದು ಕೈ ಜಾರುವ ಕಾಯಿಗೆ, ಜೀವ ಬಾಯಿಗೆ. ಬಾಳೆದಿಂಡಿಗೂ ಅಷ್ಟೇ. ಬಿಲ್ಲೆ ಕೊಯ್ದ ಹಾಗೇ ನಾರನ್ನು ಬೆರಳಿಗೆ ಸುತ್ತಿಕೊಳ್ಳಬೇಕಲ್ಲ, ಬಿಡುವಾದ ಕೈ ಇಲ್ಲದಿದ್ದರೆ ಆಗುವುದು ಹೇಗೆ?

ಇದಕ್ಕೆ ಹಳಹಳಿಕೆ ಅನ್ನುತ್ತಾರಾ? ಕೆಲಸಕ್ಕೆ ಬರುತ್ತದೆ, ಇಟ್ಟುಕೊಂಡಿದ್ದೀರಿ, ಅಷ್ಟೇ. ನಾನು ವರ್ಷಾನುಗಟ್ಟಲೆ ಇದೇ ಪುಟದಲ್ಲಿ ಗಂಟಲು ಹರಿದುಕೊಳ್ಳುತ್ತಿರುವುದೂ ಇದನ್ನೇ. ಹಳೇ ವಸ್ತು ಬಳಕೆಯಲ್ಲಿ ಉಳಿಯಬೇಕಾದರೆ ಅದನ್ನು ರಿಪೇರಿ ಮಾಡುವವರು ಊರಲ್ಲಿ ಉಳಿಯಬೇಕು. ಪ್ರೀತಿ, ನೆನಪು, ಕವನ ಎಲ್ಲ ಆಮೇಲೆ.

ನಿಮ್ಮ ತಾ.ಕ.ಗೆ ಉತ್ತರ ಕೊಟ್ಟುಬಿಡುತ್ತೇನೆ. ಇದಕ್ಕಾಗಿ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬರುವುದು ಬೇಡ. ಅಲಗಿನ ಬುಡ ಮಣೆಯೊಳಗೆ ಕೂರುವ ತೂತು ಸವೆದಿರುತ್ತದೆ. ಊರಿನ ಆಚಾರಿಯ ಹತ್ತಿರ ಒಂದು ಗಟ್ಟಿ ಮರದ ಬೆಣೆ ಹೊಡೆಸಿ, ಕೂತುಬಿಡುತ್ತದೆ. ಆಗಲೂ ನಿಲ್ಲದಿದ್ದರೆ ಮಣೆ ಬದಲಿಸಿ. ಯಾರು ಏನೇ ಹೇಳಿದರೂ ಹಳೇ ಅಲಗನ್ನು ಕೊಟ್ಟು ಹೊಸದು ತರಬೇಡಿ.

ಆಚಾರಿ ಸಿಕ್ಕಾರು. ಕಲಾಯಿಯವರು ಸಿಗುವುದೇ ಕಷ್ಟ. ನಮ್ಮ ಬೀದಿಗೆ ಮಳೆಗಾಲ ಮುಗಿದ ಮೇಲೆ ಒಬ್ಬರು ಬರುತ್ತಿದ್ದರು. ರಸ್ತೆ ಪಕ್ಕ ಸಣ್ಣ ಹೊಂಡ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತಾ ಕೂರುತ್ತಿದ್ದರು. ಹಿತ್ತಾಳೆ ಪಾತ್ರೆ ಚೆನ್ನಾಗಿ ಕಾದ ಮೇಲೆ ಒಳಗೆ ನವಸಾಗರದ ಪುಡಿ ಉದುರಿಸುವುದು. ಭಗ್ಗನೆ ಬಿಳಿ ಹೊಗೆ, ಸುತ್ತ ನಿಂತ ಮಕ್ಕಳಿಗೆಲ್ಲ ಕೆಮ್ಮು. ಆಮೇಲೆ ತವರದ ಕಡ್ಡಿಯನ್ನು ಪಾತ್ರೆಯ ಒಳಮೈಗೆ ಸುಮ್ನೆ ತಾಗಿಸಿದರೆ ಸಾಕು, ಕರಗಿ ಇಳಿಯುತ್ತದೆ. ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯ ಬಣ್ಣ. ನೀರಿಗೆ ಅದ್ದಿದಾಗ ಚೊಂಯ್. "ಖಾಲಿ ಪಾತ್ರೆ ಒಲೆ ಮೇಲೆ ಮರೀಬೇಡಿ" ಎಂದು ಪ್ರತಿ ಮನೆಗೂ ಹೇಳಿ ಹೋಗುತ್ತಿದ್ದರು. ಸರಿಯಾದ ಮಾತೇ. ತವರ ಸುಮಾರು 232 ಡಿಗ್ರಿಗೆ ಕರಗುತ್ತದೆ. ಪಾತ್ರೆಯಲ್ಲಿ ನೀರಿದ್ದಾಗ ಅಷ್ಟು ಬಿಸಿ ಏರುವುದಿಲ್ಲ, ಖಾಲಿ ಬಿಟ್ಟರೆ ಏರಿಬಿಡುತ್ತದೆ.

ಈಗ ಅವರು ಬರುವುದಿಲ್ಲ. ಮಗ ಗೋವಾದಲ್ಲಿ ಕೆಲಸಕ್ಕಿದ್ದಾನಂತೆ. ಅವನದು ತಪ್ಪು ಅನ್ನಲಾರೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಅಪ್ಪೆಹುಳಿ ಮಾಡುವ ಹಾಗಿಲ್ಲ, ಮಜ್ಜಿಗೆ ಇಡುವ ಹಾಗಿಲ್ಲ. ಹುಳಿ ತಾಗಿದರೆ ತಾಮ್ರದ ಅಂಶ ಬಿಡುತ್ತದೆ, ಕಿಲುಬು ಬರುತ್ತದೆ. ಪಾತ್ರೆ ಅಟ್ಟಕ್ಕೆ ಹೋಗುತ್ತದೆ. ಅಟ್ಟದಿಂದ ಗುಜರಿಗೆ. ಗುಜರಿಯಿಂದ ಎಲ್ಲಿಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಪಕ್ಷದ ಮಿಕ್ಸರಿಗೆ ಬರೋಣ. ನಮ್ಮ ಮನೆಯದು ಹೋದ ವರ್ಷ ತಿರುಗುವುದನ್ನು ನಿಲ್ಲಿಸಿತು. ಮೋಟಾರಿಗೆ ಏನೂ ಆಗಿರಲಿಲ್ಲ. ಜಾರಿನ ಕೆಳಗೆ ಕೂರುವ ಕಪ್ಲರಿನ ಹಲ್ಲು ಸವೆದಿತ್ತು, ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣ ಸಾಮಾನು. ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, "ಸರ್, ಆ ಮಾಡೆಲ್ ಬಂದಾಗಿದೆ, ಎಕ್ಸ್‌ಚೇಂಜ್ ಆಫರ್ ಇದೆ" ಎಂದರು. ಕೊನೆಗೆ ಬಸ್‌ಸ್ಟ್ಯಾಂಡ್ ಕಡೆಯ ಸಣ್ಣ ಅಂಗಡಿಯ ಹುಡುಗ ಬೇರೆ ಯಾವುದೋ ಸತ್ತ ಮಿಕ್ಸರಿನ ಕಪ್ಲರ್ ಬಿಚ್ಚಿ ಹಾಕಿಕೊಟ್ಟ. ಚಟ್ನಿ ಆಗುತ್ತಿದೆ. ಕೇಂದ್ರ ಸರ್ಕಾರ 2022ರಲ್ಲಿ 'ರೈಟ್ ಟು ರಿಪೇರ್' ಎಂಬ ಪೋರ್ಟಲ್ ಶುರು ಮಾಡಿದೆ, ಒಳ್ಳೇದೇ. ಆದರೆ ಪೋರ್ಟಲ್ ಸ್ಕ್ರೂ ಬಿಚ್ಚುವುದಿಲ್ಲ. ಬಿಚ್ಚುವ ಆ ಹುಡುಗನ ಅಂಗಡಿ ಬಾಡಿಗೆ ಪ್ರತಿ ವರ್ಷ ಏರುತ್ತಿದೆ.

ಗಮನಿಸಿದಿರಾ? ನಿಮ್ಮ ಮಿಕ್ಸರಿಗೂ ನನ್ನ ಹಿತ್ತಾಳೆ ಪಾತ್ರೆಗೂ ಇರುವ ಕಾಯಿಲೆ ಒಂದೇ. ನಾವಿಬ್ಬರೂ ಸುಮ್ನೆ ಜಗಳ ಆಡುತ್ತಿದ್ದೇವೆ.

ನನ್ನ ಕೈಯಲ್ಲಿರುವುದು ಕೀಲಿ ಕೊಡುವ ಎಚ್‌ಎಂಟಿ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಎಚ್‌ಎಂಟಿಯ ವಾಚು ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ವಾಚು ಮಾತ್ರ ನಡೆಯುತ್ತಿದೆ. ದಿನಾ ಕೀಲಿ ಕೊಡಬೇಕಲ್ಲ ಎಂದು ಅಳಿಯ ನಗುತ್ತಾನೆ. ತನ್ನ ಸ್ಮಾರ್ಟ್‌ವಾಚನ್ನು ದಿನಾ ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತಾನೆ, ಪಾಪ. ಶಿರಸಿ ಪೇಟೆಯಲ್ಲಿ ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂರುವ ಒಬ್ಬ ಹಿರಿಯರಿದ್ದಾರೆ. ಅವರು ಅಂಗಡಿ ಮುಚ್ಚಿದ ದಿನ ನನ್ನ ವಾಚು ಬರೀ ನೆನಪಿನ ಕಾಣಿಕೆ.

ದೊಡ್ಡ ವಿಷಯಕ್ಕೂ ಇದೇ ಮಾತು. ಹೊನ್ನಾವರ ತಾಲೂಕಿನ ಗುಣವಂತೆ ನಿಮಗೆ ದೂರವೇನಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ಅಲ್ಲಿ ಇವತ್ತಿಗೂ ನಡೆಯುತ್ತಿದೆ. ಶಂಭು ಹೆಗಡೆಯವರು ಮಕ್ಕಳಿಗೆ ಕಲಿಸುವ ಕೇಂದ್ರ ಕಟ್ಟದೆ, ಬರೀ ತಂದೆಯ ಹೆಸರು ಹೇಳಿಕೊಂಡು ಕೂತಿದ್ದರೆ ಏನಾಗುತ್ತಿತ್ತು? ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಎಷ್ಟೋ ಕಡೆ ಮೂರು-ನಾಲ್ಕು ತಾಸಿಗೆ ಇಳಿದಿದೆ. ಕಾಲಮಿತಿ ಎಂದರೆ ಹಳಬರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ನನ್ನ ಲೆಕ್ಕದಲ್ಲಿ ಅದೂ ಒಂದು ರಿಪೇರಿಯೇ. ಮರುದಿನ ಆಫೀಸಿಗೆ ಹೋಗುವವರೂ ಆಟ ನೋಡಲು ಬರುತ್ತಿದ್ದಾರೆ, ಅಲ್ವಾ?

ಇನ್ನು ನಿಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆ. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆದಿದ್ದು ಬರೀ ತಳಿಯ ಗುಣದಿಂದ ಅಂದುಕೊಂಡಿರಾ? ಊರವರು ಸೇರಿ ಮಣ್ಣಿನ ಕಟ್ಟು ನೋಡಿಕೊಂಡರು, ತೂಬು ನೋಡಿಕೊಂಡರು, ಅದಕ್ಕೇ ಗದ್ದೆ ಗದ್ದೆಯಾಗಿ ಉಳಿಯಿತು. ಕಟ್ಟು ಒಡೆದು ಬಿಟ್ಟ ಕಡೆ, ಸಿಗಡಿಗೆ ಕೊಟ್ಟ ಕಡೆ, ಕಗ್ಗ ಹೋಯಿತು. ಈಗ ಕಗ್ಗದ ಅಕ್ಕಿಗೆ ಅಭಿಮಾನಿಗಳು ಜಾಸ್ತಿ. ಕಟ್ಟಿಗೆ ಮಣ್ಣು ಹೊರುವವರು ಎಲ್ಲಿ?

ಗುಜರಿಯ ಮಾತು ಬಾಕಿ ಇತ್ತು. ಹೋದ ಬೇಸಿಗೆಯಲ್ಲಿ ಕರಾವಳಿಯ ಒಂದು ರೆಸಾರ್ಟಿಗೆ ಮದುವೆ ಊಟಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒರಳುಕಲ್ಲು, ಒಳಗೆ ನೀರು, ನೀರಲ್ಲಿ ಸೇವಂತಿಗೆ ಎಸಳು. ಬಚ್ಚಲ ಹಂಡೆಯಲ್ಲಿ ಮನಿಪ್ಲಾಂಟ್. ಗೋಡೆಗೆ ಕಡಗೋಲು, ಅದಕ್ಕೊಂದು ವಾರ್ನಿಶ್. ಊಟದ ಸಾಲಿನಲ್ಲಿ ತೊಡೆದೇವು ಇತ್ತು, ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ. ಮಡಕೆ ಬೋರಲು ಹಾಕಿ, ಕೆಳಗೆ ಬೆಂಕಿ ಇಟ್ಟು, ಹಿಟ್ಟಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಏಟಿಗೆ ಎಳೆದು ಆ ಹಾಳೆ ಎಬ್ಬಿಸುವ ಕೈಗಳಿಗೆ ಅಲ್ಲಿ ಜಾಗ ಇರಲಿಲ್ಲ. ಬಂದವರೆಲ್ಲ ಹಂಡೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸಿಟ್ಟು ಮಾಡುವುದಿದ್ದರೆ ಇವರ ಮೇಲೆ ಮಾಡಿ ಅಕ್ಕೋರೇ, ನಾನು ಹಿಂದೆ ನಿಂತು ಚಪ್ಪಾಳೆ ಹೊಡೆಯುತ್ತೇನೆ.

ಪಂಚಾಯ್ತಿಯಿಂದ ಹಿಡಿದು ಜಿಲ್ಲೆಯವರೆಗೆ ಪರಂಪರೆ ಉತ್ಸವ ಮಾಡಲು ದುಡ್ಡಿದೆ, ಶಾಮಿಯಾನ ಇದೆ, ಶಾಲು ಇದೆ. ಕಲಾಯಿಯವರಿಗೆ, ವಾಚಿನವರಿಗೆ, ಕೊಡೆ ಹೊಲಿಯುವವರಿಗೆ ಪೇಟೆಯಲ್ಲಿ ಕೂರಲು ನಾಲ್ಕು ಅಡಿ ನೆರಳು ಕೊಡಿ ಎಂದರೆ ನಿಯಮ ತೋರಿಸುತ್ತಾರೆ. ಕೊಡೆ ಇಲ್ಲದೆ ಮಳೆಗಾಲ ಕಳೆಯಲಾಗದ ಜಿಲ್ಲೆ ನಮ್ಮದು. ಹೊಲಿಯುವವರನ್ನು ಮಾತ್ರ ಫುಟ್‌ಪಾತಿನಿಂದ ಎಬ್ಬಿಸುತ್ತೇವೆ.

ಅಂದ ಹಾಗೆ, ನಿಮ್ಮ ಪತ್ರ ಶಾಯಿ ಪೆನ್ನಿನಲ್ಲಿತ್ತು. ಅಂಚೆಯಲ್ಲಿ ಬಂತು. ನಾನೇನೂ ಹೇಳುವುದಿಲ್ಲ.

ಉಳಿದ ಓದುಗರಿಗೆ ಒಂದು ಕೆಲಸ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ನಿಮ್ಮೂರಲ್ಲಿ ಇಂಥ ರಿಪೇರಿ ಮಾಡುವವರು ಇದ್ದರೆ ಅವರನ್ನು ಕೇಳಿ, ಒಪ್ಪಿದರೆ ಅಂಗಡಿಯ ಜಾಗ ಮತ್ತು ಕೂರುವ ವಾರ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅವರಿಗೇ. ಅಜ್ಜಿಯ ಅಡುಗೆಮನೆಯ ಮೇಲೆ ಕವನ ಮಾತ್ರ ಕಳಿಸಬೇಡಿ. ಬಂದಿರುವುದೇ ಎರಡು ದೀಪಾವಳಿ ವಿಶೇಷಾಂಕಕ್ಕೆ ಸಾಕು.